ಹತ್ತಿರದ ಆಸ್ಪತ್ರೆಯೋ, ದೊಡ್ಡಾಸ್ಪತ್ರೆಯೋ? ಕಾಯಿಲೆ ನೋಡಿ ಹೊರಡಿ

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ಬೆಳೆಯಿತು. ಆ ಸಾಲಿನಲ್ಲಿದ್ದ ಹೆಚ್ಚಿನವರಿಗೆ ಆ ದಿನ ಬೇಕಿದ್ದದ್ದು ಬಿಪಿ, ಶುಗರ್, ಕೊಲೆಸ್ಟ್ರಾಲ್ ತಪಾಸಣೆ ಮತ್ತು ಒಂದು ಇಸಿಜಿ. ಅದು ಅವರವರ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತಿತ್ತು. ಇದಕ್ಕೆ ತದ್ವಿರುದ್ಧವಾದದ್ದೂ ದಿನಾ ನಡೆಯುತ್ತದೆ. ಎದೆನೋವಿನಲ್ಲಿ ಒದ್ದಾಡುವವರನ್ನು ತಾಲ್ಲೂಕು ಆಸ್ಪತ್ರೆಯ ಗೇಟು ದಾಟಿಸಿಕೊಂಡು ನೂರು ಕಿಲೋಮೀಟರ್ ಆಚೆಗೆ ಕಾರಿನಲ್ಲಿ ಒಯ್ಯುತ್ತಾರೆ. ಲಕ್ವ ಹೊಡೆದವರನ್ನು ಸಿ.ಟಿ. ಸ್ಕ್ಯಾನ್ ಇಲ್ಲದ ಕಡೆ ಡ್ರಿಪ್ ಹಾಕಿಸಿ ಬೆಳಗಾಗುವವರೆಗೆ ಮಲಗಿಸುತ್ತಾರೆ.

ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ಶುಶ್ರೂಷಾಧಿಕಾರಿಗಳು ಮತ್ತು ಆರೋಗ್ಯ ನಿರೀಕ್ಷಣಾಧಿಕಾರಿಗಳಾದ ನಾವು ಓದುಗರಿಗೆ ಹೇಳಬೇಕೆಂದಿರುವುದು ಇಷ್ಟು: ಕಟ್ಟಡದ ಎತ್ತರ, ಪರಿಚಯದವರ ಶಿಫಾರಸು ನೋಡಿ ಆಸ್ಪತ್ರೆ ಆರಿಸಬೇಡಿ. ಚಿಕಿತ್ಸೆ ಎಷ್ಟು ಹೊತ್ತಿನೊಳಗೆ ಶುರುವಾಗಬೇಕು, ಅದಕ್ಕೆ ಬೇಕಾದ ಔಷಧ, ಯಂತ್ರ, ತಜ್ಞರು ಎಲ್ಲಿದ್ದಾರೆ ಎಂಬ ಎರಡು ಪ್ರಶ್ನೆ ಕೇಳಿಕೊಳ್ಳಿ. ಒಂದೊಂದು ಕಾಯಿಲೆಗೆ ಉತ್ತರ ಒಂದೊಂದು ಥರ.

ಎದೆನೋವಿನಿಂದಲೇ ಶುರು ಮಾಡೋಣ. ಎದೆಯ ನಡುವೆ ಭಾರ ಹೇರಿದಂಥ ನೋವು, ಅದು ಎಡಗೈಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು ಎಲ್ಲರಿಗೂ ಗೊತ್ತಿರುವ ಲಕ್ಷಣಗಳು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಬೆವರು, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿಯೂ ಬರಬಹುದು. ಇದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿಸಿ ಎರಡು ಗಂಟೆ ಕಳೆಯುವುದು ಮೊದಲ ಹಾನಿ. ಪಕ್ಕದ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ನೋವಿನ ಇಂಜೆಕ್ಷನ್ ಹಾಕಿಸುವುದು ಎರಡನೆಯದು. ಮುಂದೆ ಹೆಪ್ಪು ಕರಗಿಸುವ ಔಷಧ ಕೊಟ್ಟಾಗ ಆ ಸೂಜಿ ಚುಚ್ಚಿದ ಸ್ನಾಯುವಿನೊಳಗೇ ರಕ್ತ ಸೋರಿ ಗಡ್ಡೆ ಕಟ್ಟುತ್ತದೆ.

2023ರ ನವೆಂಬರ್‌ನಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇಂಥ ಹೊತ್ತಿಗಾಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೂಡಲೇ ಜಯದೇವದಂಥ ಕೇಂದ್ರದ ಹೃದ್ರೋಗ ತಜ್ಞರಿಗೆ ಹೋಗುತ್ತದೆ. ರಕ್ತನಾಳ ಪೂರ್ತಿ ಕಟ್ಟಿಕೊಂಡ ಹೃದಯಾಘಾತ ಎಂದು ಅವರು ಹೇಳಿದರೆ ಟೆನೆಕ್ಟೆಪ್ಲೇಸ್ ಎಂಬ, ಹೆಪ್ಪು ಕರಗಿಸುವ ಔಷಧವನ್ನು ರೋಗಿಯ ತೂಕಕ್ಕೆ ತಕ್ಕಂತೆ, ಸಾಮಾನ್ಯವಾಗಿ 30ರಿಂದ 50 ಮಿಲಿಗ್ರಾಂ, ಒಂದೇ ಬಾರಿಗೆ ರಕ್ತನಾಳಕ್ಕೆ ಕೊಡುತ್ತಾರೆ. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಈ ಔಷಧ ಇಲ್ಲಿ ಉಚಿತ. ನೋವು ಶುರುವಾಗಿ 3 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ, 12 ಗಂಟೆಯವರೆಗೂ ಕೊಡಬಹುದು. ಆಮೇಲೆ ಆಂಬುಲೆನ್ಸಿನಲ್ಲಿ ಆಂಜಿಯೋಗ್ರಾಂ ಆಗುವ ಆಸ್ಪತ್ರೆಗೆ ಸಾಗಿಸುವುದು ಎರಡನೇ ಹೆಜ್ಜೆ. ಸಕಲೇಶಪುರದಲ್ಲೋ ಅರಕಲಗೂಡಿನಲ್ಲೋ ಇರುವವರು ಮೊದಲ ಹೆಜ್ಜೆಯನ್ನು ಬಿಟ್ಟು ಎರಡನೆಯದಕ್ಕೆ ಹಾರಿದರೆ, ಹೃದಯದ ಸ್ನಾಯು ದಾರಿಯುದ್ದಕ್ಕೂ ಸಾಯುತ್ತಲೇ ಇರುತ್ತದೆ. ಬೆಂಗಳೂರು, ಮೈಸೂರಿನ ಒಳಗಿರುವವರ ಲೆಕ್ಕ ಬೇರೆ. ದಿನದ 24 ಗಂಟೆಯೂ ಆಂಜಿಯೋಪ್ಲಾಸ್ಟಿ ಮಾಡುವ ಕಡೆಗೆ ಬೇಗ ತಲುಪಿ, ಇಸಿಜಿ ತೆಗೆದ ಎರಡು ಗಂಟೆಯೊಳಗೆ ನಾಳ ತೆರೆಸುವಂತಿದ್ದರೆ ನೇರ ಅಲ್ಲಿಗೇ ಹೋಗುವುದು ಸರಿ.

ಮೊದಲ ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಎದ್ದು ಬರಬೇಡಿ. ನೋವು ಇನ್ನೂ ಇದ್ದರೆ ಮತ್ತೆ ಮತ್ತೆ ಇಸಿಜಿ ತೆಗೆಯಬೇಕಾಗುತ್ತದೆ, ಹೃದಯದ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆಯೂ ಬೇಕು. ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರು ಕೇಳುವ ಮೊದಲೇ ಹೇಳಿ. ಹೆಪ್ಪು ಕರಗಿಸುವ ಔಷಧ ಯಾರಿಗೆ ಕೊಡಬಾರದು ಎಂಬುದು ಅದರ ಮೇಲೇ ನಿಂತಿದೆ.

ಲಕ್ವಕ್ಕೆ ಇದೇ ನಿಯಮ ಹಚ್ಚಿದರೆ ತಪ್ಪಾಗುತ್ತದೆ. ಮೆದುಳಿನ ನಾಳ ಕಟ್ಟಿಕೊಂಡರೂ ಬಾಯಿ ಸೊಟ್ಟಗಾಗುತ್ತದೆ, ನಾಳ ಒಡೆದು ರಕ್ತ ಸೋರಿದರೂ ಬಾಯಿ ಸೊಟ್ಟಗಾಗುತ್ತದೆ. ಹೊರಗಿನಿಂದ ನೋಡಿ ಯಾವುದೆಂದು ಯಾರೂ ಹೇಳಲಾರರು. ಕಟ್ಟಿಕೊಂಡದ್ದಕ್ಕೆ ಜೀವ ಉಳಿಸುವ ಔಷಧವೇ ಒಡೆದದ್ದಕ್ಕೆ ಪ್ರಾಣಾಪಾಯ. ಅದನ್ನು ಬೇರ್ಪಡಿಸುವುದು ಸಿ.ಟಿ. ಸ್ಕ್ಯಾನ್. ಬಹುತೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಯಂತ್ರ ಇಲ್ಲ, ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ, ನಮ್ಮಲ್ಲಾದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಇದೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಕಾಲ ನಾಲ್ಕೂವರೆ ಗಂಟೆ. ಪರೀಕ್ಷೆ, ಸ್ಕ್ಯಾನ್‌ಗೆಂದು ಒಂದು ಗಂಟೆ ಕಳೆದರೆ ಮನೆಯಿಂದ ಆಸ್ಪತ್ರೆ ಬಾಗಿಲಿಗೆ ಉಳಿಯುವುದು ಮೂರೂವರೆ. ಆದ್ದರಿಂದ ಇಲ್ಲಿ ಹತ್ತಿರದ ಆಸ್ಪತ್ರೆಯನ್ನು ದಾಟಿ, ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು. ಹೊರಡುವಾಗಲೇ ಫೋನ್ ಮಾಡಿ, ‘ಸಿ.ಟಿ. ಈಗ ನಡೆಯುತ್ತಿದೆಯಾ? ಲಕ್ವದ ಇಂಜೆಕ್ಷನ್ ಕೊಡುವ ಡಾಕ್ಟರ್ ಇದ್ದಾರಾ?’ ಎಂದು ಕೇಳಿ. ಉಸಿರಾಟವೇ ಕಷ್ಟವಾಗಿದ್ದರೆ, ಪ್ರಜ್ಞೆ ಪೂರ್ತಿ ತಪ್ಪಿದ್ದರೆ ಮಾತ್ರ ದಾರಿಯ ಮೊದಲ ಆಸ್ಪತ್ರೆಯಲ್ಲಿ ನಿಲ್ಲಿಸಿ.

ಗಂಟೆ ಎಣಿಸುವುದು ನೀವು ನೋಡಿದ ಹೊತ್ತಿನಿಂದಲ್ಲ, ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಮಾತಾಡಿ ಮಲಗಿದವರು ಬೆಳಿಗ್ಗೆ ಆರಕ್ಕೆ ಕೈ ಎತ್ತಲಾರದೆ ಎದ್ದರೆ ವೈದ್ಯರು ಹತ್ತು ಗಂಟೆಯಿಂದ ಲೆಕ್ಕ ಹಾಕುತ್ತಾರೆ. ಆ ಸಮಯವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಾಗೆಂದು ‘ಹೊತ್ತು ಮೀರಿತು, ಇನ್ನೇನು’ ಎಂದು ಮನೆಯಲ್ಲಿ ಉಳಿಯಬೇಡಿ. ದೊಡ್ಡ ನಾಳ ಕಟ್ಟಿಕೊಂಡ ಕೆಲವರಿಗೆ ತಂತಿ ತೂರಿಸಿ ಹೆಪ್ಪು ಹೊರತೆಗೆಯುವ ಚಿಕಿತ್ಸೆಯನ್ನು, ಸ್ಕ್ಯಾನ್ ನೋಡಿ, 24 ಗಂಟೆಯವರೆಗೂ ಮಾಡುವುದುಂಟು. ಸ್ಕ್ಯಾನ್‌ಗೆ ಮೊದಲು ಆಸ್ಪಿರಿನ್ ಕೊಡಬೇಡಿ. ಬಿಪಿ ಹೆಚ್ಚಿದೆ ಎಂದು ಮಾತ್ರೆ ಕೊಟ್ಟು ಥಟ್ಟನೆ ಇಳಿಸಬೇಡಿ, ಹೆಪ್ಪಿನ ಆಚೆಗಿರುವ ಮೆದುಳಿಗೆ ಆ ಒತ್ತಡವೇ ರಕ್ತ ತಳ್ಳುತ್ತಿರುತ್ತದೆ. ನುಂಗುವ ಶಕ್ತಿ ಹೋಗಿರಬಹುದಾದ್ದರಿಂದ ನೀರು, ಕಾಫಿ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಬೆರಳಿಗೆ ಚುಚ್ಚಿ ಶುಗರ್ ನೋಡಿ. ಸಕ್ಕರೆ ತೀರಾ ಕುಸಿದರೂ ಹೀಗೇ ಕೈಕಾಲು ಬೀಳುತ್ತದೆ, ಆಗ ನುಂಗಲು ಬರುವವರಿಗೆ ಗ್ಲೂಕೋಸ್ ಕೊಟ್ಟರೆ ಸಾಕಾದೀತು. ಪಾರಿವಾಳದ ರಕ್ತ ತಿಕ್ಕಿಸಲು, ಮೂಗಿಗೆ ಸೊಪ್ಪಿನ ರಸ ಬಿಡಿಸಲು ವಾಹನ ಮಾಡಿಕೊಂಡು ಹೋಗುವವರು ಇವತ್ತಿಗೂ ಇದ್ದಾರೆ. ಆ ನಾಲ್ಕೂವರೆ ಗಂಟೆ ಹೀಗೇ ಕರಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾವು ಕಡಿತಕ್ಕೆ ಮೂರನೆಯ ಉತ್ತರ. ಮದ್ದು ಹತ್ತಿರದಲ್ಲೇ ಶುರುವಾಗಬೇಕು, ಮುಂದಿನ ಸೌಲಭ್ಯ ಇರುವ ಕಡೆಗೆ ಸಾಗಿಸಲೂ ಸಿದ್ಧತೆ ಇರಬೇಕು. ನಮ್ಮ ದೇಶದ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಆದ್ದರಿಂದ ಹಾವನ್ನು ಕೊಂದು ಚೀಲದಲ್ಲಿ ತರುವ ಅಗತ್ಯವೇ ಇಲ್ಲ. ಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ಪತ್ತೆ ಮಾಡುವುದು ತೀರಾ ಸರಳ. 2 ಮಿ.ಲೀ. ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ಬಾಗಿಸಿ ನೋಡುತ್ತಾರೆ. ಆಗಲೂ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ಪ್ಲಾಸ್ಟಿಕ್ ನಳಿಕೆಯಲ್ಲಿ ಅಥವಾ ಸಾಬೂನಿನ ಅಂಶ ಉಳಿದ ಗಾಜಿನಲ್ಲಿ ಮಾಡಿದರೆ ಫಲಿತಾಂಶ ಕೆಡುತ್ತದೆ. ವಿಷದ ಲಕ್ಷಣ ಕಂಡರೆ ಸಾಮಾನ್ಯವಾಗಿ ಪ್ರತಿವಿಷದ 10 ಸಣ್ಣ ಸೀಸೆಗಳಿಂದ (ವಯಲ್) ಆರಂಭ. ಮಗುವಾದರೂ ಪ್ರಮಾಣ ಅಷ್ಟೇ, ಹಾವು ಮಗುವಿಗೆಂದು ಕಡಿಮೆ ವಿಷ ಬಿಡುವುದಿಲ್ಲ. ಲಕ್ಷಣ ಇಲ್ಲದಿದ್ದರೆ ಪ್ರತಿವಿಷ ಕೊಡದೆ 24 ಗಂಟೆ ನಿಗಾದಲ್ಲಿ ಇಡುತ್ತಾರೆ. ‘ಇಂಜೆಕ್ಷನ್ನೇ ಕೊಡಲಿಲ್ಲ’ ಎಂದು ಜಗಳ ತೆಗೆದು ಮನೆಗೆ ಕರೆದೊಯ್ಯುವುದು ಅಪಾಯ.

ಕಟ್ಟುಹಾವಿನದು ಬೇರೆಯೇ ಮೋಸ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ. ಗಾಯ ಕಾಣಿಸದು, ನೋವೂ ಇರದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎನ್ನುತ್ತಾರೆ, ಆಮೇಲೆ ರೆಪ್ಪೆ ಎತ್ತಲಾಗುವುದಿಲ್ಲ, ಕೊನೆಗೆ ಉಸಿರು ನಿಲ್ಲುತ್ತದೆ. ಇವರಿಗೆ ವೆಂಟಿಲೇಟರ್ ಬೇಕು. ಕೊಳಕುಮಂಡಲ ಕಡಿದವರಿಗೆ ಎರಡು ಮೂರು ದಿನದಲ್ಲಿ ಮೂತ್ರ ಕಡಿಮೆಯಾದರೆ ಡಯಾಲಿಸಿಸ್ ಬೇಕು. ಮೊದಲ ಡೋಸ್ ಹತ್ತಿರದಲ್ಲಿ ಹಾಕಿಸಿ ಜಿಲ್ಲಾಸ್ಪತ್ರೆಗೆ ಹೋಗಬೇಕು ಎನ್ನುವುದು ಇದಕ್ಕಾಗಿ. ಕಡಿದ ಕೈಕಾಲನ್ನು ಮೂಳೆ ಮುರಿದವರಿಗೆ ಮಾಡುವಂತೆ ಪಟ್ಟಿ ಇಟ್ಟು ಅಲುಗಾಡದಂತೆ ಮಾಡಿ. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಗೀರುವುದು ಬೇಡ. ಬಿಗಿದು ತಂದಿದ್ದರೆ ಆಸ್ಪತ್ರೆ ತಲುಪುವ ಮೊದಲು ಬಿಚ್ಚಬೇಡಿ. ತಡೆಹಿಡಿದ ವಿಷವೆಲ್ಲ ಒಮ್ಮೆಲೇ ಏರಬಹುದು, ವೈದ್ಯರ ಎದುರಿಗೇ ಬಿಚ್ಚಿಸಬೇಕು. 2024ರ ಫೆಬ್ರುವರಿಯಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಖಾಸಗಿ ಆಸ್ಪತ್ರೆಗಳೂ ಸೇರಿ ಎಲ್ಲರೂ ಸರ್ಕಾರಕ್ಕೆ ವರದಿ ಮಾಡಲೇಬೇಕು.

ನಾಯಿ ಕಚ್ಚಿದರೆ ದೊಡ್ಡಾಸ್ಪತ್ರೆಗೆ ಓಡುವ ಮೊದಲು ನಲ್ಲಿಯ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಇಲ್ಲದಿದ್ದರೆ ಒಂದೇ ನಿಮಿಷಕ್ಕೆ ಮುಗಿಸುತ್ತೀರಿ. ಸುಣ್ಣ, ಅರಿಶಿನ, ಖಾರದಪುಡಿ ಬೇಡ. ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ: ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಎರಡೂ ತೋಳಿನ ಚರ್ಮದೊಳಗೆ 0.1 ಮಿ.ಲೀ.ನಂತೆ. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಅದು ಕೆಲಸ ಶುರು ಮಾಡಲು ಹಲವು ದಿನ ಬೇಕು. ಅಲ್ಲಿಯವರೆಗಿನ ರಕ್ಷಣೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಇದು ಎಲ್ಲ ಪಿಎಚ್‌ಸಿಗಳಲ್ಲಿ ಇರುವುದಿಲ್ಲ, ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಗೆ ಹೋಗಬೇಕಾದೀತು. ಮೊದಲ ದಿನವೇ ಹಾಕಿಸುವುದು ಕ್ರಮ, ಲಸಿಕೆ ಶುರುವಾದ 7 ದಿನ ಕಳೆದ ಮೇಲೆ ಹಾಕುವುದಿಲ್ಲ. ಮುಖ, ಕತ್ತು, ಬೆರಳಿಗೆ ಕಚ್ಚಿಸಿಕೊಂಡ ಮಕ್ಕಳಿಗೆ ಇದನ್ನು ತಪ್ಪಿಸಲೇಬೇಡಿ.

ಹೆರಿಗೆ ಎಲ್ಲಿ ಎಂಬುದು ನೋವು ಬಂದ ರಾತ್ರಿ ತೀರ್ಮಾನಿಸುವ ವಿಷಯವಲ್ಲ. ಎಂಟನೇ ತಿಂಗಳಿಗೆ ತಾಯಿ ಕಾರ್ಡ್ ಹಿಡಿದು ಆಶಾ ಕಾರ್ಯಕರ್ತೆಯ ಜೊತೆ ಕೂತು ನಿಶ್ಚಯಿಸಬೇಕು. ಹಿಂದೆ ಸಿಜೇರಿಯನ್ ಆದವರು, ಬಿಪಿ ಏರಿದವರು, ಅವಳಿ ಇರುವವರು, ಮಗು ಅಡ್ಡ ಇರುವವರು, ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇರುವವರು ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ರಕ್ತ ಮೂರೂ ಇರುವ ಕಡೆಯೇ ಹೆರಿಗೆ ಮಾಡಿಸಿಕೊಳ್ಳಬೇಕು. ಎಷ್ಟೋ ಕಡೆ ಪ್ರಸೂತಿ ತಜ್ಞರಿರುತ್ತಾರೆ, ಅರಿವಳಿಕೆ ತಜ್ಞರು ಇರುವುದಿಲ್ಲ. ಆಗ ನಡುರಾತ್ರಿ ಮುಂದಿನ ಊರಿಗೆ ಕಳಿಸುತ್ತಾರೆ. ಹಾಸ್ಪಿಟಲ್ ನೋಡಲು ಹೋದಾಗ ಕೇಳಬೇಕಾದದ್ದು ಎಸಿ ರೂಮಿನ ಬಾಡಿಗೆಯನ್ನಲ್ಲ, ‘ರಾತ್ರಿ ಎರಡಕ್ಕೆ ಸಿಜೇರಿಯನ್ ಬೇಕಾದರೆ ಅನಸ್ತೇಶಿಯಾ ಡಾಕ್ಟರ್ ಎಷ್ಟು ಹೊತ್ತಿಗೆ ಬರುತ್ತಾರೆ? ರಕ್ತ ಎಲ್ಲಿಂದ ತರುತ್ತೀರಿ?’ ಎಂಬುದನ್ನು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ವಿಶೇಷ ತಪಾಸಣೆ ಇರುತ್ತದೆ. ಖಾಸಗಿಯಲ್ಲಿ ತೋರಿಸುತ್ತಿರುವವರೂ ಹೋಗಬಹುದು.

ಬಿಪಿ, ಶುಗರ್, ಕ್ಷಯ ಮುಂತಾದ ದೀರ್ಘಕಾಲದ ಕಾಯಿಲೆಗೆ ಮನೆಗೆ ಹತ್ತಿರವಾದದ್ದೇ ಉತ್ತಮ. ದೂರದ ವೈದ್ಯರ ಬಳಿ ಒಂದು ತಿಂಗಳು ಹೋಗಿ ಎರಡು ತಿಂಗಳು ಮಾತ್ರೆ ಬಿಡುವವರೇ ಕೊನೆಗೆ ಲಕ್ವಕ್ಕೂ ಡಯಾಲಿಸಿಸ್‌ಗೂ ಬರುವುದು. ಮಾತ್ರೆಯನ್ನು ಪಿಎಚ್‌ಸಿಯಲ್ಲೋ ನಗರದಲ್ಲಾದರೆ ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲೋ ತೆಗೆದುಕೊಳ್ಳಿ. ವರ್ಷಕ್ಕೊಮ್ಮೆ ಮಾತ್ರ ಮೇಲಿನ ಆಸ್ಪತ್ರೆಗೆ ಹೋಗಿ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡದ ಸ್ಥಿತಿ ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯೇಟಿನಿನ್, ಪಾದದ ಸ್ಪರ್ಶಜ್ಞಾನ ನೋಡಿಸಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಸರ್ಕಾರಿಯಲ್ಲೇ ಮಾಡಿಸಿ. ಕ್ಷಯ ಎಂದಾದರೆ ಔಷಧ ಉಚಿತ, ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಪೋಷಣಾ ಸಹಾಯವೂ ಇದೆ. ಮಾನಸಿಕ ತೊಂದರೆಗೆ ನೇರ ನಿಮ್ಹಾನ್ಸ್‌ಗೇ ಹೋಗಬೇಕೆಂದಿಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಮೂಳೆ ಮುರಿತಕ್ಕೆ ಪುತ್ತೂರು ಕಟ್ಟು ಹಾಕಿಸುವವರಿಗೆ ಒಂದು ಮಾತು. ಎಕ್ಸ್‌ರೇ ಇಲ್ಲದೆ ಯಾವ ಕಟ್ಟೂ ಬೇಡ. ಮಕ್ಕಳ ಮೊಣಕೈ ಮುರಿತದಲ್ಲಂತೂ ಬಿಗಿಯಾದ ಕಟ್ಟು ರಕ್ತ ಓಡಾಟ ನಿಲ್ಲಿಸಿ ಕೈಯನ್ನೇ ಶಾಶ್ವತವಾಗಿ ಸೊಟ್ಟ ಮಾಡುತ್ತದೆ. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ, ಬೆರಳು ನೆಟ್ಟಗೆ ಮಾಡಿದಾಗ ತಡೆಯಲಾರದ ನೋವಾದರೆ ಆಸ್ಪತ್ರೆ ತಲುಪುವವರೆಗೂ ಕಾಯದೆ ಕಟ್ಟು ಸಡಿಲಿಸಿ.

ಗಂಟು, ವಾಸಿಯಾಗದ ಬಾಯಿಹುಣ್ಣು, ಮುಟ್ಟು ನಿಂತ ಮೇಲೆ ಕಾಣಿಸುವ ರಕ್ತ ಇವು ಕ್ಯಾನ್ಸರಿನ ಲಕ್ಷಣ ಇರಬಹುದು. ಇವುಗಳಲ್ಲಿ ಅವಸರದ ಆಪರೇಷನ್ನೇ ಕೆಡುಕು. ಸ್ತನದ ಗಂಟನ್ನು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೊಯ್ದು ತೆಗೆದು ಕಸಕ್ಕೆ ಹಾಕಿದರೆ, ಅದು ಯಾವ ಬಗೆಯ ಕ್ಯಾನ್ಸರ್, ಅಂಚಿನಲ್ಲಿ ಉಳಿದಿದೆಯೇ ಎಂಬುದು ತಿಳಿಯದೆ ಕಿದ್ವಾಯಿಯಲ್ಲಿ ಮತ್ತೆ ಕೊಯ್ಯಬೇಕಾಗುತ್ತದೆ. ಮೊದಲು ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಗಲಿ. ವರದಿಯ ಜೊತೆ ಆ ಚೂರಿನ ಗಾಜಿನ ಸ್ಲೈಡು ಮತ್ತು ಅದನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಎರಡನ್ನೂ ಕೇಳಿ ಪಡೆದುಕೊಳ್ಳಿ, ಮುಂದಿನ ಆಸ್ಪತ್ರೆಯವರು ಅವನ್ನೇ ಕೇಳುತ್ತಾರೆ.

ಇನ್ನು ಹಣದ ವಿಚಾರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಜನ ಎಡವುವುದು ಕ್ರಮದಲ್ಲಿ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ, ಅದನ್ನು ಹಿಡಿದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ. ಮೊದಲು ಹಣ ಕಟ್ಟಿ ದಾಖಲಾಗಿ, ಆಮೇಲೆ ರೆಫರಲ್ ತರಲು ಓಡಿದರೆ ನಡೆಯುವುದಿಲ್ಲ. ಹೃದಯಾಘಾತದಂಥ, ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಡ. ಆಸ್ಪತ್ರೆ ಯೋಜನೆಯಲ್ಲಿದೆ ಎಂದರೆ ಎಲ್ಲ ವಿಭಾಗವೂ ಇದೆ ಎಂದಲ್ಲ, ಹೃದಯಕ್ಕೆ ಇದ್ದು ಮೂಳೆಗೆ ಇಲ್ಲದಿರಬಹುದು. ದಾಖಲಾಗುವ ಮೊದಲೇ ಅಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯ ಮಿತ್ರರನ್ನು ಕಂಡು ಕೇಳಿ. ಪಡಿತರ ಚೀಟಿ ಮತ್ತು ಆಧಾರ್‌ನಲ್ಲಿ ಹೆಸರು ಬೇರೆಬೇರೆ ಇದ್ದರೆ ಆರೋಗ್ಯವಾಗಿರುವಾಗಲೇ ಸರಿಪಡಿಸಿಕೊಳ್ಳಿ. ರಸ್ತೆ ಅಪಘಾತವಾದರೆ 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನ, ಒಂದೂವರೆ ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಹಣ ಕಟ್ಟಿದರೇ ಚಿಕಿತ್ಸೆ ಎನ್ನುವಂತಿಲ್ಲ ಎಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ದೂರು ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ.

ಇಷ್ಟೆಲ್ಲ ಜನರೇ ತಿಳಿದಿರಬೇಕು ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಆರೋಗ್ಯ ಇಲಾಖೆಯಲ್ಲಿ ನಮ್ಮ ಬೇಡಿಕೆ ಒಂದೇ. ಪ್ರತಿ ಗ್ರಾಮ ಪಂಚಾಯಿತಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣದಲ್ಲಿ ದಪ್ಪಕ್ಷರದ ಫಲಕ ಹಾಕಿ: ಎದೆನೋವಿನ ಇಂಜೆಕ್ಷನ್ ಎಲ್ಲಿದೆ, ರಾತ್ರಿ ಸಿ.ಟಿ. ಎಲ್ಲಿ ನಡೆಯುತ್ತದೆ, ಹಾವಿನ ಮದ್ದು ಮತ್ತು ವೆಂಟಿಲೇಟರ್ ಎಲ್ಲಿದೆ, ನಾಯಿ ಕಡಿತದ ಇಮ್ಯುನೊಗ್ಲಾಬ್ಯುಲಿನ್ ಎಲ್ಲಿದೆ, ರಾತ್ರಿ ಸಿಜೇರಿಯನ್ ಎಲ್ಲಾಗುತ್ತದೆ. ಎದುರಿಗೆ ಆಯಾ ತುರ್ತು ಘಟಕದ ನೇರ ಫೋನ್ ಸಂಖ್ಯೆ ಇರಲಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚಿದಾಗ ಮಂಗಳೂರಿನ ದಾರಿ ಇಲ್ಲವಾಗುವ ಸಕಲೇಶಪುರದಂಥ ಕಡೆ ಬದಲಿ ಆಸ್ಪತ್ರೆಯ ಹೆಸರೂ ಇರಲಿ. ಅರಿವಳಿಕೆ ತಜ್ಞರು ರಜೆಯಲ್ಲಿದ್ದರೆ, ಸ್ಕ್ಯಾನ್ ಯಂತ್ರ ಕೆಟ್ಟಿದ್ದರೆ ಆ ಮಾಹಿತಿ ಅದೇ ದಿನ ಆಶಾ ಕಾರ್ಯಕರ್ತೆಯರ ಮತ್ತು 108 ಸಿಬ್ಬಂದಿಯ ಮೊಬೈಲಿಗೆ ಹೋಗಬೇಕು. ಈ ಕೆಲಸಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಒಬ್ಬರನ್ನು ಹೆಸರು ಹೇಳಿ ಹೊಣೆ ಮಾಡಿ, ಅವರ ಸಂಖ್ಯೆಯನ್ನೂ ಫಲಕದ ಕೊನೆಯ ಸಾಲಿನಲ್ಲಿ ಬರೆಸಿ.

ಇಂತಿ,
ನಿವೃತ್ತ ಶುಶ್ರೂಷಾಧಿಕಾರಿಗಳು ಮತ್ತು ಆರೋಗ್ಯ ನಿರೀಕ್ಷಣಾಧಿಕಾರಿಗಳು,
ಹಾಸನ ಜಿಲ್ಲೆ